ಮದರಾಸಿಗೆ ಹೊರಟ ಕಳವಾರ

ನಂದಿಬೆಟ್ಟದ ನೆತ್ತಿಯ ಮೇಲೆ ನಿಂತು ನಾಲ್ಕು ದಿಕ್ಕಿಗೂ ಕಣ್ಣು ಹಾಯಿಸಿದವನಿಗೆ ಬೋಳುಗುಡ್ಡಗಳೂ, ಅವುಗಳ ತಪ್ಪಲಿನಲ್ಲಿ ಒಂದರ ಕೆಳಗೊಂದರಂತೆ ಕಟ್ಟಿದ ಕೆರೆಗಳೂ, ರಾಗಿಯ ಹೊಲಗಳೂ, ಹಿಪ್ಪುನೇರಳೆಯ ತೋಟಗಳೂ ಕಾಣುವುವಲ್ಲದೆ ಕಡಲಿನ ಸುಳಿವು ಎಲ್ಲಿಯೂ ತೋರದು. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಒಳಗೊಂಡ ಈ ಕಳವಾರ ಸೀಮೆಯ ಮಳೆನೀರು, ಕೆರೆಗಳನ್ನು ತುಂಬಿಸಿ ಉಳಿದಷ್ಟೂ, ಮೂಡಲ ಕಡಲಿಗೇ ಸಲ್ಲುತ್ತದೆ. ಉತ್ತರ ಪಿನಾಕಿನಿಯು ಗೌರಿಬಿದನೂರನ್ನು ಹಾದು ಬಹುದೂರ ಸುತ್ತಿ ನೆಲ್ಲೂರಿನ ಬಳಿ ಸಮುದ್ರವನ್ನು ಸೇರುವುದು. ಚಿಂತಾಮಣಿ ತಾಲ್ಲೂಕಿನ ತಲಗವಾರದ ಹತ್ತಿರ ಹುಟ್ಟುವ ಪಾಲಾರ್ ನದಿಯು ವೆಲ್ಲೂರು ಆರ್ಕಾಟುಗಳ ಬಯಲಿಗಿಳಿದು ಮದರಾಸಿನ ತೆಂಕಣಕ್ಕೆ ಸಮುದ್ರವನ್ನು ಮುಟ್ಟುವುದು. ದಕ್ಷಿಣ ಪಿನಾಕಿನಿಯು ಇನ್ನೂ ಕೆಳಗೆ ಕಡಲೂರಿನ ಸಮೀಪದಲ್ಲಿ ತನ್ನ ಪಯಣವನ್ನು ಮುಗಿಸುವುದು. ಈ ಮೂರು ನದೀಮುಖಗಳ ನಡುವೆ, 1639ರಲ್ಲಿ ಆಂಗ್ಲ ವರ್ತಕರಿಗೆ ದತ್ತವಾದ ಮರಳದಿಣ್ಣೆಯೊಂದರ ಮೇಲೆ ಬೆಳೆದ ಮದರಾಸು ಪಟ್ಟಣವು, ಕಡಲನ್ನೇ ಕಾಣದ ಕಳವಾರದ ಜನಕ್ಕೆ ಎರಡು ಶತಮಾನಗಳಿಗೂ ಮಿಕ್ಕಿ ಲೋಕದ ಹೆಬ್ಬಾಗಿಲಾಗಿದ್ದಿತು.

ಆ ಪಟ್ಟಣಕ್ಕೆ ಮೊದಲ ಬಾರಿ ಹೋಗುವುದೆಂದರೆ ಸಾಮಾನ್ಯವಾದ ಸಂಗತಿಯಾಗಿರಲಿಲ್ಲ. ಹೋಗುವವನು ಒಬ್ಬನೇ ಆದರೂ ಅದರ ಸಿದ್ಧತೆಯಲ್ಲಿ ಮನೆಯವರೂ, ನೆರೆಯವರೂ, ಊರಿನ ಶ್ಯಾನುಭೋಗರೂ, ಪೇಟೆಯ ಶೆಟ್ಟರೂ, ಹಿಂದೆ ಒಮ್ಮೆ ಹೋಗಿಬಂದ ಹಿರಿಯರೂ ಪಾಲುಗೊಳ್ಳುತ್ತಿದ್ದರು. ಯಾವ ತಿಥಿಯಲ್ಲಿ ಹೊರಡಬೇಕು, ಯಾವ ಕಣಿವೆಯಲ್ಲಿ ಇಳಿಯಬೇಕು, ಹಣವನ್ನು ಯಾವ ರೂಪದಲ್ಲಿ ಒಯ್ಯಬೇಕು, ಯಾರ ಬಾಗಿಲನ್ನು ತಟ್ಟಬೇಕು, ಯಾವ ನೀರನ್ನು ಕುಡಿಯಬಾರದು ಎಂಬ ತಿಳಿವಳಿಕೆಯು ಪುಸ್ತಕಗಳಲ್ಲಿ ದೊರೆಯುತ್ತಿರಲಿಲ್ಲ. ಜಗಲಿಗಳ ಮೇಲೆ ಬಾಯಿಂದ ಬಾಯಿಗೆ ಹರಿದು, ತಲೆಮಾರು ತಲೆಮಾರಿಗೆ ತಿದ್ದುಪಡಿ ಹೊಂದಿ, ಊರಿಗೆಲ್ಲ ಸಮಾನವಾದ ಒಂದು ಆಸ್ತಿಯಾಗಿ ಉಳಿದುಬಂದಿತ್ತು. ಈ ಆಸ್ತಿಯು ಹೇಗೆ ಕೂಡಿತು, ದಾರಿಗಳು ಬದಲಾದಂತೆ ಹೇಗೆ ರೂಪಾಂತರ ಹೊಂದಿತು, ಕಡೆಗೆ ಏನಾಯಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ರೈಲಿನ ಪೂರ್ವದ ಕಾಲವನ್ನು ಮೊದಲು ನೋಡೋಣ. ಚಿಕ್ಕಬಳ್ಳಾಪುರದಿಂದ ಹೊರಟ ಬಂಡಿಯು ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರಗಳನ್ನು ಹಾದು ಮುಳಬಾಗಿಲಿಗೆ ಬಂದು, ನಂಗಲಿಯ ಗಡಿಯನ್ನು ದಾಟಿ, ಪಲಮನೇರಿನ ಮುಂದೆ ಮೊಗಿಲಿ ಕಣಿವೆಯಲ್ಲಿ ಇಳಿದು ಚಿತ್ತೂರನ್ನು ಮುಟ್ಟುತ್ತಿದ್ದಿತು. ಅಲ್ಲಿಂದ ಮುಂದೆ ಆರ್ಕಾಟು, ಕಾವೇರಿಪಾಕ, ಶ್ರೀಪೆರುಂಬುದೂರು, ಪೂನಮಲ್ಲಿ ಎಂಬ ಮಜಲುಗಳು. ಎತ್ತು ಒಂದು ದಿನಕ್ಕೆ ಹತ್ತು ಹನ್ನೆರಡು ಮೈಲಿ ನಡೆದರೆ ಅದೇ ಹೆಚ್ಚು. ಕಣಿವೆಯಲ್ಲಿ ಅದೂ ಇಲ್ಲ. ಹೀಗಾಗಿ ಹೋಗುವುದಕ್ಕೆ ಅರ್ಧ ತಿಂಗಳೂ, ಬರುವುದಕ್ಕೆ ಅಷ್ಟೂ, ಪಟ್ಟಣದಲ್ಲಿ ತಂಗುವುದಕ್ಕೆ ವಾರವೊಂದೂ ಎಂದು ಲೆಕ್ಕ ಹಾಕಿ, ಬಿತ್ತನೆಗೂ ಕುಯಿಲಿಗೂ ಅಡ್ಡಿಯಾಗದ ಕಾಲವನ್ನು ಆರಿಸಿಕೊಳ್ಳಬೇಕಾಗುತ್ತಿತ್ತು. ಮೂಡಲ ಕರಾವಳಿಗೆ ಹಿಂಗಾರಿನ ಮಳೆಯೂ ಬಿರುಗಾಳಿಯೂ ಆಶ್ವಯುಜ ಕಾರ್ತಿಕಗಳಲ್ಲಿ ಎರಗುವುವು; ಚೈತ್ರ ವೈಶಾಖಗಳಲ್ಲಿ ಘಟ್ಟದ ಕೆಳಗಿನ ಬಿಸಿಲನ್ನು ಮೇಲಿನವರು ತಾಳಲಾರರು. ರಾಗಿಯ ತೆನೆ ಕಣಕ್ಕೆ ಬಂದು, ಒಕ್ಕಣೆ ಮುಗಿದು, ಸಂಕ್ರಾಂತಿ ಕಳೆದ ಮೇಲಿನ ಪುಷ್ಯ ಮಾಘಗಳೇ ಪ್ರಶಸ್ತವೆಂದು ಅನುಭವಿಗಳು ನಿರ್ಣಯಿಸಿದ್ದರು. ಸೋಮವಾರ ಶನಿವಾರಗಳಲ್ಲಿ ಪೂರ್ವದಿಕ್ಕಿಗೆ ಶೂಲೆಯಿರುವುದರಿಂದ ಆ ದಿನಗಳನ್ನು ಬಿಡುವುದು ಶಾಸ್ತ್ರ. ಮದರಾಸು ನೇರ ಮೂಡಲಲ್ಲಿ ಇದ್ದುದರಿಂದ ಈ ನಿಯಮವನ್ನು ಮೀರುವವರು ವಿರಳ.

ಹಣದ ಸಿದ್ಧತೆ ಇನ್ನೂ ಕ್ಲಿಷ್ಟವಾದುದು. ಮೈಸೂರು ಸೀಮೆಯಲ್ಲಿ ಕಂಠೀರಾಯಿ ಹಣ ಹತ್ತಕ್ಕೆ ಒಂದು ವರಹವೆಂಬ ಲೆಕ್ಕ. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯವರ ನಕ್ಷತ್ರ ವರಹವೊಂದಕ್ಕೆ ನಲವತ್ತೆರಡು ಹಣ, ಹಣವೊಂದಕ್ಕೆ ಎಂಬತ್ತು ಕಾಸು. ಎರಡು ಕಡೆಯ ಹಣವೂ ಹಣವೇ, ವರಹವೂ ವರಹವೇ. ಆದರೆ ತೂಕವೂ ಬೆಲೆಯೂ ಬೇರೆ. ಈ ಅಂತರವನ್ನರಿಯದೆ ಹೋದ ಹಳ್ಳಿಗನು ಶರಾಫರ ಕಟ್ಟೆಯಲ್ಲಿ ಅರ್ಧ ಗಂಟು ಕಳೆದುಕೊಂಡೇ ಪಟ್ಟಣವನ್ನು ಪ್ರವೇಶಿಸಬೇಕಾಗುತ್ತಿತ್ತು. 1818ರಲ್ಲಿ ಮದರಾಸು ಸರ್ಕಾರವು ರೂಪಾಯಿಯನ್ನು ಪ್ರಮಾಣನಾಣ್ಯವಾಗಿ ಮಾಡಿದ ಮೇಲೆ ಈ ತೊಡಕು ಮೆಲ್ಲನೆ ಕಡಿಮೆಯಾಯಿತು. ಅದಕ್ಕಿಂತ ಮೊದಲೂ ಬುದ್ಧಿವಂತರಾದವರು ನಾಣ್ಯವನ್ನು ಒಯ್ಯದೆ ಹುಂಡಿಯನ್ನು ಒಯ್ಯುತ್ತಿದ್ದರು. ಚಿಂತಾಮಣಿಯ ಕೋಮಟಿ ಶೆಟ್ಟರು ಚಿನ್ನ ಬೆಳ್ಳಿ ರತ್ನಗಳ ವ್ಯಾಪಾರಕ್ಕೂ ಲೇವಾದೇವಿಗೂ ಹೆಸರಾಗಿದ್ದವರು. ಅವರಂಥವರು ಬರೆದುಕೊಟ್ಟ ಒಂದು ಚೀಟಿಯನ್ನು ಕರಾವಳಿಯ ಪೇಟೆಯಲ್ಲಿ ತೋರಿಸಿದರೆ ಹಣ ಸಿಕ್ಕುತ್ತಿತ್ತು. ಮೊಗಿಲಿ ಕಣಿವೆಯ ಕಳ್ಳನಿಗೆ ಆ ಚೀಟಿಯಿಂದ ಪ್ರಯೋಜನವಿರಲಿಲ್ಲ.

ಹುಂಡಿಯ ಈ ವ್ಯವಹಾರದ ಹಿಂದೆ ಒಂದು ಬಾಂಧವ್ಯವೂ ಇದ್ದಿತು. ಅದನ್ನು ಮರೆತರೆ ಕಳವಾರಕ್ಕೂ ಮದರಾಸಿಗೂ ಇದ್ದ ಸಂಬಂಧವು ಅರ್ಥವಾಗುವುದಿಲ್ಲ. ಈ ಸೀಮೆಯು ಕನ್ನಡ ತೆಲುಗುಗಳೆರಡನ್ನೂ ಮನೆಮಾತಾಗಿ ಉಳ್ಳದ್ದು. ಚಿಂತಾಮಣಿಯ ಸಮೀಪದ ಕೈವಾರದಲ್ಲಿ ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿ ಮುಂದೆ ಯೋಗಿಯಾದ ನಾರೇಯಣ ತಾತಯ್ಯನವರು ಎರಡು ನುಡಿಗಳಲ್ಲಿಯೂ ಪದಗಳನ್ನು ಹಾಡಿದುದು ಈ ನೆಲಕ್ಕೆ ಸಹಜವಾದ ನಡೆಯೇ ಆಗಿದೆ. ಮದರಾಸಾದರೋ ತಮಿಳು ನಾಡಿನ ನಡುವೆ ಇದ್ದರೂ, ಕಂಪನಿಯ ಕಾಲದಿಂದ ಅಲ್ಲಿಯ ದುಬಾಷಿಗಳಲ್ಲಿಯೂ ವರ್ತಕರಲ್ಲಿಯೂ ತೆಲುಗರು ಬಹುಸಂಖ್ಯೆಯಲ್ಲಿದ್ದರು. ಕೋಟೆಯ ಉತ್ತರಕ್ಕಿರುವ, 1906ರಿಂದೀಚೆಗೆ ಜಾರ್ಜ್ ಟೌನ್ ಎಂದು ಹೆಸರಾದ ಪೇಟೆಯಲ್ಲಿ ಆರ್ಯವೈಶ್ಯರ ಕನ್ಯಕಾಪರಮೇಶ್ವರಿ ದೇವಸ್ಥಾನವೂ, ಅದರ ನೆರೆಯಲ್ಲಿ ಕೊತ್ವಾಲ್ ಚಾವಡಿಯೆಂಬ ದೊಡ್ಡ ತರಕಾರಿ ಮಂಡಿಯೂ ಇದ್ದವು. ಬೆಂಗಳೂರಿನ ಪಡುವಣದ ಕನ್ನಡಿಗನು ಅಲ್ಲಿ ಕೈಸನ್ನೆಯಿಂದ ವ್ಯವಹರಿಸಬೇಕಾಗಿದ್ದಾಗ, ಚಿಂತಾಮಣಿಯ ರೈತನು ಮಂಡಿಯ ಗುಮಾಸ್ತನೊಡನೆ ತೆಲುಗಿನಲ್ಲಿ ಚೌಕಾಸಿ ಮಾಡಬಲ್ಲವನಾಗಿದ್ದನು. ದೂರವನ್ನು ಮೈಲಿಯಿಂದ ಅಳೆದರೆ ಮದರಾಸು ಬಹಳ ದೂರ. ಮಾತಿನಿಂದ ಅಳೆದರೆ ಅದು ಕಳವಾರದ ಪಕ್ಕದ ಸಂತೆ.

ಈ ದಾರಿಯಲ್ಲಿ ಸರಕುಗಳು ಜನರಿಗಿಂತ ಮೊದಲೇ ಸಂಚರಿಸಿದ್ದವು. 1800ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ, ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮದರಾಸಿನಿಂದ ಹೊರಟು ಘಟ್ಟವನ್ನೇರಿ ಬಂದ ಡಾಕ್ಟರ್ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ದಾರಿಯ ಛತ್ರಗಳನ್ನೂ, ಬಾವಿಗಳನ್ನೂ, ಮಣ್ಣಿನ ಬಣ್ಣವನ್ನೂ, ಪೈರಿನ ಬಗೆಯನ್ನೂ ಬರೆದಿಟ್ಟುಕೊಳ್ಳುತ್ತ ಚಿಕ್ಕಬಳ್ಳಾಪುರಕ್ಕೂ ಬಂದನು. ಆವತಿಯ ನಾಡಪ್ರಭುಗಳ ವಂಶದವರು ಕಟ್ಟಿಸಿ ಆಳಿದ, ಹೈದರಾಲಿಯು ವಶಪಡಿಸಿಕೊಂಡಿದ್ದ ಆ ಊರಿನಲ್ಲಿ ಅವನ ಗಮನವನ್ನು ವಿಶೇಷವಾಗಿ ಸೆಳೆದುದು ಅಲ್ಲಿಯ ಬಿಳಿಯ ಸಕ್ಕರೆ ಮತ್ತು ಕಲ್ಲುಸಕ್ಕರೆ. ಚೀನೀಯರ ಕ್ರಮದಲ್ಲಿ ಸಕ್ಕರೆಯನ್ನು ಶುದ್ಧಿಗೊಳಿಸುವ ವಿದ್ಯೆಯನ್ನು ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣಕ್ಕೆ ತರಿಸಿ ಗುಟ್ಟಾಗಿ ಇಟ್ಟಿದ್ದನೆಂದೂ, ಅದು ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ ಬಂದಿತೆಂದೂ ತಿಳಿದುಬರುತ್ತದೆ. ಸಮುದ್ರದಾಚೆಯ ದೇಶವೊಂದರ ಕೌಶಲವು ಒಳನಾಡಿನ ಕಬ್ಬಿನ ರಸದಲ್ಲಿ ಹೀಗೆ ಬೆರೆತುಹೋಗಿತ್ತು. ರೇಷ್ಮೆಯ ಕಥೆಯೂ ಇಂಥದೇ. ಬಂಗಾಳದಿಂದ ಹುಳುವಿನ ಬಿತ್ತನೆಯನ್ನು ತರಿಸಿ ಟಿಪ್ಪುವು ಆರಂಭಿಸಿದ ಉದ್ಯಮವು ಅಂದಿನ ಕೋಲಾರ ಜಿಲ್ಲೆಯ ಈ ಭಾಗದಲ್ಲಿ ಬೇರೂರಿ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯನ್ನು ಹುಟ್ಟಿಸಿತು. ಮದರಾಸಿನ ದಾರಿಗೆ ಸಮೀಪದಲ್ಲಿಯೇ ಇರುವ ಕಾಂಚೀಪುರದ ಮಗ್ಗಗಳಿಗೆ ಮೈಸೂರು ಸೀಮೆಯ ನೂಲು ಬೇಕಾಗಿದ್ದುದರಿಂದ, ರೇಷ್ಮೆಯ ವ್ಯಾಪಾರಿಯು ಕಾಂಚಿಯವರೆಗೆ ವ್ಯವಹಾರಕ್ಕಾಗಿ ಹೋಗಿ, ಅಲ್ಲಿಂದ ಕೆಲವೇ ದಿನಗಳ ದಾರಿಯಾದ ಸಮುದ್ರವನ್ನು ಪುಣ್ಯಕ್ಕಾಗಿ ನೋಡಿಬರುವುದು ಸ್ವಾಭಾವಿಕವಾಗಿತ್ತು.

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡು ಹೋದವನಿಗೆ ಬಂದರು ಎಂಬುದು ಮಾತ್ರ ಅಲ್ಲಿ ಕಾಣುತ್ತಿರಲಿಲ್ಲ. ಪಟ್ಟಣ ಹುಟ್ಟಿ ಎರಡು ಶತಮಾನಗಳು ಕಳೆದರೂ ಮದರಾಸಿನಲ್ಲಿ ಹಡಗಿಗೆ ಆಶ್ರಯವಾದ ಕಟ್ಟೆಯಾಗಲಿ ಕೊಲ್ಲಿಯಾಗಲಿ ಇರಲಿಲ್ಲ. ಹಡಗುಗಳು ದಡದಿಂದ ದೂರದಲ್ಲಿ ತೆರೆದ ಕಡಲಿನಲ್ಲಿಯೇ ಲಂಗರು ಹಾಕಿ ನಿಲ್ಲುವುವು. ಮೊಳೆಯನ್ನೇ ಬಳಸದೆ ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಮಾಡಿದ ಮಸೂಲ ದೋಣಿಗಳು ಅಲೆಗಳ ಸಾಲನ್ನು ಹಾರಿ ಹಾರಿ ಹೋಗಿ ಜನರನ್ನೂ ಮೂಟೆಗಳನ್ನೂ ಇಳಿಸಿಕೊಂಡು ಬರುವುವು. ಮೊಳೆ ಹೊಡೆದ ದೋಣಿಯು ಆ ಹೊಡೆತಕ್ಕೆ ಒಡೆದುಹೋಗುವಾಗ ಹೊಲಿದ ದೋಣಿಯು ಬಳುಕಿ ಉಳಿಯುವುದೆಂಬುದು ಆ ಕರಾವಳಿಯ ಅಂಬಿಗರ ಅನುಭವ. 1860ರ ದಶಕದ ಆರಂಭದಲ್ಲಿ ಕಬ್ಬಿಣದ ಕಂಬಗಳ ಮೇಲೆ ಸಮುದ್ರದೊಳಕ್ಕೆ ಚಾಚಿದ ಸೇತುವೆಯೊಂದು ಸಿದ್ಧವಾಯಿತು. 1875ರ ಡಿಸೆಂಬರಿನಲ್ಲಿ ವೇಲ್ಸ್ ರಾಜಕುಮಾರನು ಬಂದರಿಗೆ ಅಸ್ತಿಭಾರವನ್ನಿಟ್ಟನು. ಕಟ್ಟೆಗಳು ಬಹುಮಟ್ಟಿಗೆ ಮುಗಿದಿದ್ದಾಗ, 1881ರ ನವೆಂಬರಿನ ಚಂಡಮಾರುತವು ಅವುಗಳನ್ನು ಮುರಿದು ಚೆಲ್ಲಿತು. ಮತ್ತೆ ಕಟ್ಟಿದರು, ಆದರೆ ಪೂರ್ವಕ್ಕೆ ತೆರೆದಿದ್ದ ಬಾಯಿಯಿಂದ ಅಲೆಯೂ ಮರಳೂ ಒಳನುಗ್ಗುತ್ತಿದ್ದವು. 1904ರಲ್ಲಿ ಬಂದ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಎಂಜಿನಿಯರು ಆ ಬಾಯಿಯನ್ನು ಮುಚ್ಚಿಸಿ ಈಶಾನ್ಯದಲ್ಲಿ ಬೇರೊಂದನ್ನು ತೆರೆಸಿದ ಬಳಿಕವೇ ಮದರಾಸು ನಿಜವಾದ ಬಂದರಾಯಿತು. ಆದುದರಿಂದ ಅಜ್ಜನು ಹೇಳಿದ ಮದರಾಸಿಗೂ ಮೊಮ್ಮಗನು ಕಂಡ ಮದರಾಸಿಗೂ ಹೊಂದಿಕೆಯಾಗದಿದ್ದರೆ ಅಜ್ಜನನ್ನು ಸುಳ್ಳನೆನ್ನಲಾಗದು.

ಸಿದ್ಧತೆಯೇ ಇಲ್ಲದೆ ಮದರಾಸಿನ ದಾರಿ ಹಿಡಿದವರೂ ಉಂಟು. ಅವರನ್ನು ಬಿಟ್ಟು ಈ ಚರಿತ್ರೆಯನ್ನು ಹೇಳುವುದು ನ್ಯಾಯವಲ್ಲ. 1876ರಿಂದ 1878ರವರೆಗಿನ, ಧಾತು ಈಶ್ವರ ಸಂವತ್ಸರಗಳ ಬರವು ಮೈಸೂರು ಸೀಮೆಯನ್ನು ಹಿಂಡಿದಾಗ ಕೋಲಾರದ ಕಡೆಯ ತಾಲ್ಲೂಕುಗಳು ತೀವ್ರವಾಗಿ ನೊಂದವು. 1871ರ ಗಣತಿಯಲ್ಲಿ 50 ಲಕ್ಷವನ್ನು ಮೀರಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿಯಿತು. ಕೆರೆ ಬತ್ತಿ, ದನ ಸತ್ತು, ಕಣಜ ಬರಿದಾದ ಮೇಲೆ ಜನರು ಗುಂಪುಗುಂಪಾಗಿ ಕೆಲಸವನ್ನರಸಿ ಘಟ್ಟವನ್ನಿಳಿದರು. ಆ ದಿನಗಳಲ್ಲಿ ಹಡಗುಗಳಿಂದ ಬಂದ ಧಾನ್ಯದ ಮೂಟೆಗಳು ಮದರಾಸಿನ ಕಡಲತಡಿಯಲ್ಲಿ ಗುಡ್ಡಗಳಾಗಿ ಬಿದ್ದಿದ್ದವು. ಸಾಗಿಸಲು ರೈಲಿನ ಶಕ್ತಿ ಸಾಲದೆ ಎಷ್ಟೋ ಧಾನ್ಯವು ಅಲ್ಲಿಯೇ ಕೆಟ್ಟಿತು. ಅದೇ ದಡದಿಂದ ಕೂಲಿಗಳ ಹಡಗುಗಳೂ ಹೊರಡುತ್ತಿದ್ದವು. 1860ರ ಅಕ್ಟೋಬರಿನಲ್ಲಿ ಟ್ರೂರೋ ಎಂಬ ಹಡಗು ದಕ್ಷಿಣ ಆಫ್ರಿಕಾದ ನಟಾಲಿನ ಕಬ್ಬಿನ ತೋಟಗಳಿಗೆ ಮೊದಲ ತಂಡವನ್ನು ಒಯ್ದುದು ಮದರಾಸಿನಿಂದಲೇ. ಆ ಬಳಿಕ ದಶಕಗಳ ಕಾಲ ಮದರಾಸು ಪ್ರಾಂತ್ಯದವರೊಡನೆ ಮೈಸೂರು ಸೀಮೆಯವರೂ ಒಪ್ಪಂದದ ಕೂಲಿಗಳಾಗಿ ಹೋದರು. ಅಂಥವರಿಗೆ ಪಟ್ಟಣದ ಮೊದಲ ದರ್ಶನವೇ ಸ್ವದೇಶದ ಕಡೆಯ ದರ್ಶನವೂ ಆಯಿತು. ಊರಿನ ಹಿರಿಯರು ಎಳೆಯರಿಗೆ ಕೊಡುತ್ತಿದ್ದ ಎಚ್ಚರಿಕೆಗಳಲ್ಲಿ, 'ಗುರುತಿಲ್ಲದವನು ಕೆಲಸ ಕೊಡಿಸುತ್ತೇನೆಂದರೆ ಹಿಂದೆ ಹೋಗಬೇಡಪ್ಪ, ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡ' ಎಂಬ ಮಾತು ಸೇರಲು ಇಂಥ ಅನುಭವವೇ ಕಾರಣವಾಗಿರಬೇಕು.

ರೈಲು ಬಂದ ಮೇಲೆ ಸಿದ್ಧತೆಯ ಸ್ವರೂಪವೇ ಬೇರೆಯಾಯಿತು. ಮದರಾಸಿನ ರಾಯಪುರದಿಂದ ವಾಲಾಜಾ ರಸ್ತೆಯವರೆಗೆ 1856ರ ಜುಲೈನಲ್ಲಿ ಆರಂಭವಾದ ದಾರಿಯು ಜೋಲಾರಪೇಟೆಯಿಂದ ಕವಲೊಡೆದು 1864ರ ಆಗಸ್ಟಿನಲ್ಲಿ ಬೆಂಗಳೂರಿನ ದಂಡುಪ್ರದೇಶವನ್ನು ಮುಟ್ಟಿತು. ಅರ್ಧ ತಿಂಗಳಿನ ಪ್ರಯಾಣವು ಒಂದು ಹಗಲು ರಾತ್ರಿಗೆ ಇಳಿಯಿತು. ಆದರೂ ಕಳವಾರದವನು ಆ ರೈಲನ್ನು ಹಿಡಿಯಲು ಬೆಂಗಳೂರಿಗೋ, ಚೀಫ್ ಕಮೀಷನರ್ ಬೌರಿಂಗನ ಹೆಸರಿನ ಬೌರಿಂಗಪೇಟೆಗೋ ಬಂಡಿಯಲ್ಲಿ ಹೋಗಬೇಕಾಗಿತ್ತು. 1893ರ ಹೊತ್ತಿಗೆ ಹಿಂದೂಪುರದ ಕಡೆಯ ಮೀಟರ್ ಗೇಜ್ ದಾರಿಯು ಗೌರಿಬಿದನೂರಿಗೆ ಬಂದಿತು. 1913ರಲ್ಲಿ ಬೌರಿಂಗಪೇಟೆಯಿಂದ ಕೋಲಾರಕ್ಕೂ, 1915ರಲ್ಲಿ ಯಶವಂತಪುರದಿಂದ ದೇವನಹಳ್ಳಿಯ ಮೂಲಕ ಚಿಕ್ಕಬಳ್ಳಾಪುರಕ್ಕೂ, ಮರುವರ್ಷ ಕೋಲಾರದಿಂದ ಶ್ರೀನಿವಾಸಪುರ, ಚಿಂತಾಮಣಿ, ಶಿಡ್ಲಘಟ್ಟಗಳ ಮೂಲಕ ಚಿಕ್ಕಬಳ್ಳಾಪುರಕ್ಕೂ ಎರಡೂವರೆ ಅಡಿಯ ಪುಟ್ಟ ರೈಲು ಓಡಿತು. ಕೆರೆಯ ಏರಿಗಳನ್ನು ಬಳಸಿ, ಹುಣಸೆಯ ತೋಪುಗಳ ನೆರಳಿನಲ್ಲಿ ನಿಂತು ನಿಂತು ಸಾಗುತ್ತಿದ್ದ ಆ ಗಾಡಿಯು ಬೌರಿಂಗಪೇಟೆಯಲ್ಲಿ ಪ್ರಯಾಣಿಕನನ್ನು ಅಗಲವಾದ ದಾರಿಯ ದೊಡ್ಡ ಗಾಡಿಗೆ ಒಪ್ಪಿಸುತ್ತಿತ್ತು. ಮೊಗಿಲಿ ಕಣಿವೆಯನ್ನು ಕುರಿತ ಹಿಂದಿನವರ ತಿಳಿವಳಿಕೆ ಹೀಗೆ ನಿರುಪಯುಕ್ತವಾಯಿತು. ಅದರ ಸ್ಥಾನದಲ್ಲಿ ಯಾವ ಠಾಣೆಯಲ್ಲಿ ಗಾಡಿ ಬದಲಿಸಬೇಕು, ಎಷ್ಟು ಹೊತ್ತು ಕಾಯಬೇಕು, ಮೂರನೆಯ ತರಗತಿಯ ಡಬ್ಬಿ ಎಲ್ಲಿ ನಿಲ್ಲುವುದು ಎಂಬ ಹೊಸ ತಿಳಿವಳಿಕೆ ಬೆಳೆಯಿತು. ಬೆಂಗಳೂರಿನಲ್ಲಿ ರಾತ್ರಿಯ ಗಾಡಿಗಾಗಿ ಕಾಯುವವರಿಗೆ 1903ರಲ್ಲಿ ಸ್ಥಾಪಿತವಾದ ಗುಬ್ಬಿ ತೋಟದಪ್ಪನವರ ಛತ್ರವು ಆಸರೆಯಾಯಿತು. ಮದರಾಸಿನ ಸೆಂಟ್ರಲ್ ನಿಲ್ದಾಣದ ಎದುರಿಗೇ ರಾಮಸ್ವಾಮಿ ಮೊದಲಿಯಾರರ ಛತ್ರವಿದ್ದಿತು.

ಗಂಟು ಕಟ್ಟುವ ವಿಷಯದಲ್ಲಿ ರೈಲಿನ ಕಾಲದವರೂ ಬಂಡಿಯ ಕಾಲದವರಷ್ಟೇ ನಿಷ್ಠರು. ಹುರಿಹಿಟ್ಟು, ಅವಲಕ್ಕಿ, ಬೆಲ್ಲ, ಹುಣಿಸೆಹಣ್ಣಿನ ಗೊಜ್ಜು, ಚಕ್ಕುಲಿ, ಕೋಡುಬಳೆ. ಮೊದಲ ಹೊತ್ತಿಗೆ ಪುಳಿಯೋಗರೆ, ಎರಡನೆಯದಕ್ಕೆ ಮೊಸರನ್ನ. ರಾಗಿಯ ಮುದ್ದೆಯಲ್ಲಿ ಬೆಳೆದ ದೇಹವು ಕರಾವಳಿಯ ಕುಸುಬಲಕ್ಕಿಗೆ ಒಗ್ಗದೆಂಬ ಭಯವು ಎಲ್ಲ ತಾಯಂದಿರಿಗೂ ಸಮಾನವಾಗಿತ್ತು. ಅದಕ್ಕಿಂತ ಮಿಗಿಲಾದುದು ನೀರಿನ ಭಯ. ಉಪ್ಪುನೀರಿನ ನೆಲದಲ್ಲಿ ಬೆಳೆದ ಆ ಪಟ್ಟಣವು 1772ರಿಂದ ಏಳು ಬಾವಿಗಳ ನೀರನ್ನೂ, 1872ರಿಂದ ಕೆಂಗುಡ್ಡದ ಕೆರೆಯ ನೀರನ್ನೂ ನಂಬಿಕೊಂಡಿತ್ತು. ನಂದಿಯ ತಪ್ಪಲಿನ ಸಿಹಿನೀರನ್ನು ಕುಡಿದವರಿಗೆ ಅದು ಹಿಡಿಸುವಂತಿರಲಿಲ್ಲ. ಮುಚ್ಚಳವಿರುವ ತಾಮ್ರದ ತಂಬಿಗೆ, ಕಾಯಿಸಿ ಆರಿಸಿದ ನೀರು, ಶುಂಠಿ ಮೆಣಸಿನ ಕಷಾಯದ ಪುಡಿ ಇವು ಗಂಟಿನಲ್ಲಿ ತಪ್ಪದೆ ಸೇರುತ್ತಿದ್ದವು. ಕಂಬಳಿಯನ್ನು ಮಾತ್ರ ಬಿಡಿಸುತ್ತಿದ್ದರು. ಹೊದೆಯಲು ಮಂಜಿಲ್ಲದ ಊರೊಂದು ಲೋಕದಲ್ಲಿ ಇರುವುದೆಂಬುದನ್ನು ಚಿಕ್ಕಬಳ್ಳಾಪುರದವನು ನಂಬಲು ಕೊಂಚ ಕಾಲ ಬೇಕಾಗುತ್ತಿತ್ತು.

ಪಟ್ಟಣದಲ್ಲಿ ನೋಡತಕ್ಕವುಗಳಿಗೂ ಒಂದು ಕ್ರಮವಿದ್ದಿತು. ಮೊದಲನೆಯದು ಸಮುದ್ರ. ಪರ್ವಕಾಲದಲ್ಲಲ್ಲದೆ ಸಮುದ್ರವನ್ನು ಮುಟ್ಟಬಾರದೆಂಬ ಸಂಪ್ರದಾಯವಿದ್ದುದರಿಂದ ಆಚಾರವಂತರು ಅಮಾವಾಸ್ಯೆ ಹುಣ್ಣಿಮೆಗಳಿಗೆ ಹೊಂದಿಕೊಳ್ಳುವಂತೆ ದಿನವನ್ನು ಎಣಿಸಿಯೇ ಹೊರಟಿರುತ್ತಿದ್ದರು; ಉಳಿದವರು ದಡದಲ್ಲಿ ನಿಂತು ಕೈಮುಗಿದು ಹಿಂತಿರುಗುವರು. 1880ರ ದಶಕದಲ್ಲಿ ಗವರ್ನರ್ ಗ್ರ್ಯಾಂಟ್ ಡಫ್ ಮಾಡಿಸಿದ ಮರೀನಾ ವಿಹಾರಪಥವು ಆ ದರ್ಶನಕ್ಕೆ ರಾಜಮಾರ್ಗವಾಯಿತು. ಬಳಿಕ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ, ಮೈಲಾಪುರದ ಕಪಾಲೀಶ್ವರ. ಆಮೇಲೆ 1851ರಲ್ಲಿ ಹುಟ್ಟಿದ ವಸ್ತುಸಂಗ್ರಹಾಲಯ ಮತ್ತು ಜನೋಪವನದ ಮೃಗಶಾಲೆ: ಮೊದಲನೆಯದನ್ನು ಸತ್ತ ಕಾಲೇಜೆಂದೂ ಎರಡನೆಯದನ್ನು ಜೀವದ ಕಾಲೇಜೆಂದೂ ಅಲ್ಲಿಯ ತಮಿಳರು ತಮ್ಮ ನುಡಿಯಲ್ಲಿ ಕರೆಯುತ್ತಿದ್ದರು. 1895ರಿಂದ ವಿದ್ಯುತ್ತಿನ ಬಲದಲ್ಲಿ ಓಡುತ್ತಿದ್ದ ಟ್ರಾಮನ್ನು ಹತ್ತಿ ಒಂದು ಸುತ್ತು ಬರುವುದು, 1900ರಲ್ಲಿ ತೆರೆದ ಮೂರ್ ಮಾರ್ಕೆಟ್ಟಿನಲ್ಲಿ ಹಳೆಯ ಪುಸ್ತಕವನ್ನೋ ಗಾಜಿನ ದೀಪವನ್ನೋ ಕೊಳ್ಳುವುದು, ಹೈಕೋರ್ಟಿನ ಗೋಪುರದ ಮೇಲಣ ದೀಪಸ್ತಂಭವನ್ನು ರಾತ್ರಿಯಲ್ಲಿ ನೋಡುವುದು, ಕೊನೆಗೆ ಬಂದರಿನ ಬೇಲಿಯ ಹೊರಗೆ ನಿಂತು ಹೊಗೆಹಡಗುಗಳನ್ನು ಎಣಿಸುವುದು.

ಹಿಂದಿರುಗಿದವನಿಗೆ ಒಂದು ಕರ್ತವ್ಯವಿದ್ದಿತು: ಹೇಳುವುದು. ನೆರೆದವರ ಮುಂದೆ ಜಗಲಿಯ ಮೇಲೆ ಕುಳಿತು, ಕಂಡುದನ್ನೂ, ಕೊಟ್ಟ ಬೆಲೆಯನ್ನೂ, ಮೋಸವಾದ ಸ್ಥಳವನ್ನೂ, ಉಪಕಾರ ಮಾಡಿದವರ ಹೆಸರನ್ನೂ ಅವನು ಒಪ್ಪಿಸಬೇಕು. ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು. ಸ್ವಲ್ಪ ಉತ್ಪ್ರೇಕ್ಷೆಗೆ ಅವಕಾಶವಿದ್ದರೂ ದಾರಿಯ ವಿಷಯದಲ್ಲಿ ಸುಳ್ಳು ಹೇಳುವುದು ಅಪರಾಧವೆನಿಸುತ್ತಿತ್ತು. ಆ ಮಾತನ್ನು ನಂಬಿ ನಾಳೆ ಮತ್ತೊಬ್ಬನು ಹೊರಡತಕ್ಕವನಲ್ಲವೆ! ತಾನು ಹೊರಡುವಾಗ ಪಡೆದ ತಿಳಿವಳಿಕೆಯ ಸಾಲವನ್ನು ಅವನು ತೀರಿಸುತ್ತಿದ್ದುದು ಹೀಗೆ.

ವಿದ್ಯೆಗಾಗಿ ಹೋದವರು ಈ ಸಂಪ್ರದಾಯಕ್ಕೆ ಹೊಸ ಶಾಖೆಯೊಂದನ್ನು ಕೂಡಿಸಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಈ ಸೀಮೆಯ ವಿದ್ಯಾರ್ಥಿಗಳ ಪರೀಕ್ಷೆಗಳೂ ಪದವಿಗಳೂ 1857ರಲ್ಲಿ ಹುಟ್ಟಿದ ಮದರಾಸು ವಿಶ್ವವಿದ್ಯಾನಿಲಯದವು. ನೆರೆಯ ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ 1914ರಲ್ಲಿ ಎಂ.ಎ. ಪದವಿಯನ್ನು ಪಡೆದರು. ಅದಕ್ಕಿಂತ ಒಂದು ತಲೆಮಾರು ಹಿಂದೆ, ನಂದಿಬೆಟ್ಟದ ಬುಡದ ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಅಕ್ಷರ ಕಲಿತ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಆಗಿ, ಮೂಡಲ ಕಡಲಿನ ಪರಿಚಿತವಾದ ದಾರಿಯನ್ನು ಬಿಟ್ಟು ಪಡುವಣಕ್ಕೆ ತಿರುಗಿದರು. ಪುಣೆಯ ವಿಜ್ಞಾನ ಕಾಲೇಜಿನಲ್ಲಿ ಎಂಜಿನಿಯರಿಂಗ್ ಮುಗಿಸಿ 1884ರಲ್ಲಿ ಮುಂಬಯಿ ಪ್ರಾಂತ್ಯದ ಸೇವೆಗೆ ಸೇರಿದ ಅವರಿಗೆ ಬಂದರುಪಟ್ಟಣಗಳು ಯಾತ್ರೆಯ ಸ್ಥಳಗಳಾಗದೆ ಕೆಲಸದ ಸ್ಥಳಗಳಾದವು. 1898ರಲ್ಲಿ ಅ‌ವರು ಜಪಾನಿಗೆ ಹೋಗಿ ಅಲ್ಲಿಯ ಕೈಗಾರಿಕೆಯನ್ನೂ ವಿದ್ಯಾಪದ್ಧತಿಯನ್ನೂ ನೋಡಿಬಂದರು. 1906ರಲ್ಲಿ ಏಡನ್ ಬಂದರಿಗೆ ಹೋಗಿ ಆ ಬಂಜರುನೆಲಕ್ಕೆ ಕುಡಿಯುವ ನೀರನ್ನು ಒದಗಿಸುವ ಬಗೆಯನ್ನು ಸೂಚಿಸಿದರು. 1926ರಲ್ಲಿ ಮುಂಬಯಿಯ ಬ್ಯಾಕ್ ಬೇಯಲ್ಲಿ ಸಮುದ್ರವನ್ನು ತುಂಬಿ ನೆಲ ಮಾಡುವ ಕೆಲಸವನ್ನು ಕುರಿತ ವಿಚಾರಣಾ ಸಮಿತಿಯಲ್ಲಿ ಸದಸ್ಯರಾಗಿದ್ದರು. ಹೊರಡುವ ಮುನ್ನ ವಿಚಾರಿಸಬೇಕು, ಹೋದಲ್ಲಿ ಲೆಕ್ಕವಿಟ್ಟು ನೋಡಬೇಕು, ಬಂದ ಮೇಲೆ ನಾಡಿಗೆ ವರದಿಯೊಪ್ಪಿಸಬೇಕೆಂಬ ಜಗಲಿಯ ಧರ್ಮವೇ ಅವರಲ್ಲಿ ಶಾಸ್ತ್ರದ ರೂಪವನ್ನು ತಾಳಿತೆಂದು ನನಗೆ ತೋರುತ್ತದೆ. 1934ರಲ್ಲಿ ಭಾರತಕ್ಕೆ ಯೋಜಿತವಾದ ಅರ್ಥವ್ಯವಸ್ಥೆಯನ್ನು ಪ್ರತಿಪಾದಿಸಿ ಅವರು ಬರೆದ ಗ್ರಂಥವು ಈ ಮನೋಧರ್ಮದ ಪಕ್ವಫಲ.

ಮೈಸೂರಿನ ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ, ತಮ್ಮ ಹುಟ್ಟೂರಿನ ತಾಲ್ಲೂಕಿಗೆ ಪುಟ್ಟ ರೈಲು ಬಂದ ಕಾಲದಲ್ಲಿಯೇ, ಮೈಸೂರಿಗೆ ಸ್ವಂತದ ಬಂದರೊಂದು ಇರಬೇಕೆಂಬ ಆಲೋಚನೆಯನ್ನೂ ವಿಶ್ವೇಶ್ವರಯ್ಯನವರು ಮುಂದಿಟ್ಟರು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಭಟ್ಕಳದಲ್ಲಿ ಬಂದರು, ಅರಸೀಕೆರೆಯಿಂದ ಅಲ್ಲಿಗೆ ರೈಲು ಎಂಬ ಆ ಯೋಜನೆಯು ಕೈಗೂಡಲಿಲ್ಲ. ಸ್ವಂತ ಬಂದರಿಲ್ಲದ ನಾಡು ಪರರ ಬಂದರಿನ ಗುಣದೋಷಗಳಿಗೆ ತಲೆಬಾಗಲೇಬೇಕು. ಚಿಕ್ಕಬಳ್ಳಾಪುರದ ಸಕ್ಕರೆಯ ಕೀರ್ತಿಯನ್ನು ಅಳಿಸಿದ ಜಾವಾ ಸಕ್ಕರೆಯೂ, 1930ರ ದಶಕದ ಆರಂಭದಲ್ಲಿ ಶಿಡ್ಲಘಟ್ಟದ ನೂಲು ಬಿಚ್ಚುವವರ ಒಲೆಗಳನ್ನು ಆರಿಸಿದ ಜಪಾನಿನ ಅಗ್ಗದ ರೇಷ್ಮೆಯೂ ಹಡಗಿನಲ್ಲಿಯೇ ಬಂದವು. ಸಕ್ಕರೆಗೆ 1932ರಲ್ಲಿಯೂ ರೇಷ್ಮೆಗೆ 1934ರಲ್ಲಿಯೂ ಆಮದು ಸುಂಕದ ರಕ್ಷಣೆ ದೊರೆಯಿತು. ಸಮುದ್ರವನ್ನೇ ನೋಡದ ರೈತ ಹೆಂಗಸೊಬ್ಬಳು ಹುಳುವಿಗೆ ಸೊಪ್ಪು ಹಾಕುತ್ತ, ಈ ವಾರ ಗೂಡಿಗೆ ಏಕೆ ಬೆಲೆ ಇಳಿಯಿತೆಂದು ಕೇಳಿದರೆ, ಅದಕ್ಕೆ ಉತ್ತರವು ಬಂದರಿನಲ್ಲಿ ಇರುತ್ತಿತ್ತು.

ಮದರಾಸಿನೊಡನೆ ಕಳವಾರದ ನಂಟು ಸಡಿಲವಾದುದು ಒಮ್ಮೆಲೇ ಅಲ್ಲ. 1942ರ ಏಪ್ರಿಲಿನಲ್ಲಿ ಜಪಾನೀಯರ ದಾಳಿಯ ಭೀತಿಯಿಂದ ಮದರಾಸು ಬರಿದಾದಾಗ ಆ ಪಟ್ಟಣಿಗರೇ ಘಟ್ಟವನ್ನೇರಿ ಬಂದರು; ಬಾಡಿಗೆಯ ಮನೆಗಳನ್ನು ಹುಡುಕಿಕೊಟ್ಟು, ನೀರು ತಣ್ಣಗಿದೆಯೆಂದು ಎಚ್ಚರಿಸುವ ಸರದಿ ಮೇಲ್ನಾಡಿನವರದಾಯಿತು. 1953ರಲ್ಲಿ ಆಂಧ್ರ ರಾಜ್ಯವು ಬೇರೆಯಾಗಿ, ಮದರಾಸಿನಲ್ಲಿ ತೆಲುಗಿನ ಬಳಕೆ ಕುಗ್ಗುತ್ತ ಬಂದಿತು. 1956ರಲ್ಲಿ ಕನ್ನಡ ನಾಡು ಒಂದಾಗಿ ಕರಾವಳಿಯೂ ಕೂಡಿಬಂದಿತು. 1974ರಲ್ಲಿ ನವಮಂಗಳೂರು ಪ್ರಧಾನ ಬಂದರೆಂದು ಘೋಷಿತವಾಯಿತು. ಮದರಾಸು 1996ರಲ್ಲಿ ಚೆನ್ನೈ ಆಯಿತು. ಪುಟ್ಟ ರೈಲಿನ ಹಳಿಗಳನ್ನು ಕಿತ್ತು ಅಗಲ ಮಾಡಿ 2013ರಲ್ಲಿ ಕೋಲಾರ ಚಿಕ್ಕಬಳ್ಳಾಪುರಗಳ ನಡುವೆ ಮತ್ತೆ ಗಾಡಿಯನ್ನು ಓಡಿಸಿದರು. ಈಗ ಚಿಂತಾಮಣಿಯ ತರುಣನಿಗೆ ಚೆನ್ನೈ ಒಂದು ರಾತ್ರಿಯ ಬಸ್ಸಿನ ದೂರ. ಕೈಯಲ್ಲಿರುವ ಫೋನು ಅವನಿಗೆ ದಾರಿ, ದರ, ವಸತಿ, ಹವೆ ಎಲ್ಲವನ್ನೂ ಹೇಳುತ್ತದೆ. ಆ ಮಾಹಿತಿಯೂ ಹಿಂದೆ ಹೋಗಿಬಂದವರು ಬರೆದಿಟ್ಟುದೇ; ಆದರೆ ಬರೆದವರು ಯಾರೆಂಬುದು ಓದುವವನಿಗೆ ತಿಳಿಯದು, ತಾನೂ ಹೇಳಬೇಕೆಂಬ ಹೊಣೆಯು ಅವನನ್ನು ಬಾಧಿಸದು.

ಇತ್ತ, 2008ರ ಮೇ ತಿಂಗಳಿನಲ್ಲಿ ಕಳವಾರದ ಹೊಸಿಲಿನಲ್ಲಿಯೇ, ದೇವನಹಳ್ಳಿಯಲ್ಲಿ, ವಿಮಾನಗಳ ಬಂದರೊಂದು ತೆರೆಯಿತು. ದೇಶಾಂತರಗಳಿಂದ ಮೊದಲ ಬಾರಿಗೆ ಬರುವವರು ಇಳಿಯುವ ಸ್ಥಳ ಇಂದು ಚಿಕ್ಕಬಳ್ಳಾಪುರದ ನೆರೆಯಾಗಿದೆ. ಅವರೂ ಹೊರಡುವ ಮುನ್ನ ಋತುವನ್ನು ವಿಚಾರಿಸಿರುತ್ತಾರೆ, ನಾಣ್ಯವನ್ನು ಬದಲಿಸಿರುತ್ತಾರೆ, ನೀರಿಗೆ ಹೆದರಿರುತ್ತಾರೆ. ಎರಡು ಶತಮಾನಗಳ ಕಾಲ ಕಳವಾರದವರ ಮೊದಲ ಭೇಟಿಯನ್ನು ಸಾಧ್ಯಗೊಳಿಸಿದುದು ಅವರ ಜಾಣ್ಮೆಯೊಂದೇ ಅಲ್ಲ. ಗುರುತಿಲ್ಲದವನಿಗೆ ಬಾಗಿಲು ತೆರೆದ ಛತ್ರ, ಚೀಟಿಯನ್ನು ಗೌರವಿಸಿದ ಸಾಹುಕಾರ, ತನ್ನ ನುಡಿಯಲ್ಲಿಯೇ ಉತ್ತರ ಕೊಟ್ಟ ಮಂಡಿಯ ಗುಮಾಸ್ತ ಇವರೂ ಅದರಲ್ಲಿ ಪಾಲುದಾರರು. ಅತಿಥಿಯ ಸ್ಥಾನದಲ್ಲಿ ಬಹುಕಾಲ ನಿಂತು ಆ ಉಪಕಾರವನ್ನುಂಡ ಸೀಮೆಗೆ ಈಗ ಆತಿಥೇಯನ ಪೀಠ ದೊರೆತಿದೆ. ಹೊಸಬನಿಗೆ ನ್ಯಾಯವಾದ ಬೆಲೆಯನ್ನು ಹೇಳುವುದು, ಸರಿಯಾದ ದಾರಿಯನ್ನು ತೋರುವುದು, ಕುಡಿಯಲು ಒಳ್ಳೆಯ ನೀರನ್ನು ಕೊಡುವುದು ಎಂಬ ಮೂರು ಕೆಲಸಗಳಲ್ಲಿ ಅದು ಹೇಗೆ ನಡೆದುಕೊಳ್ಳುವುದೆಂಬುದರ ಮೇಲೆ ಆ ಹಳೆಯ ಪದ್ಧತಿಯು ಉಳಿಯಿತೋ ಅಳಿಯಿತೋ ಎಂಬ ತೀರ್ಮಾನವು ನಿಂತಿದೆ.